ಖೋ ಖೋ ಕಂಬಕ್ಕೆ ಹಾಕಿಸಿದ ಪ್ರದಕ್ಷಿಣೆ

ಇನ್ನು ಮುಂದೆ ಮಕ್ಕಳಿಗೆ ಆಟ ಹೇಳಿಕೊಡಲು ಹೊರಟಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಹೊದಿಸಿದ ಶಾಲು, ಕೊಟ್ಟ ಸರ್ಟಿಫಿಕೇಟುಗಳ ವಿಷಯ ಇದರಲ್ಲಿ ಇಲ್ಲ. ಅವೆಲ್ಲ ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ ಸುಖವಾಗಿವೆ. ನಾನು ಮಾಡಿದ ತಪ್ಪುಗಳನ್ನು ಮಾತ್ರ ಯಾರೂ ಎಲ್ಲೂ ಬರೆದಿಟ್ಟಿಲ್ಲ. ನಿಮಗೆ ಅವೇ ಹೆಚ್ಚು ಉಪಯೋಗಕ್ಕೆ ಬಂದಾವು.

ಕೆಲಸ ಮಾಡಬೇಕೆಂದು ಮನೆಯಿಂದ ಹೊರಟವಳು ನಾನಲ್ಲ. ವಿಜಯನಗರದಲ್ಲಿ ನಮ್ಮ ಮನೆ. ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಮಗಳನ್ನು ಬಸವೇಶ್ವರನಗರದ ಮೈದಾನವೊಂದರಲ್ಲಿ ನಡೆಯುತ್ತಿದ್ದ ಹೆಣ್ಣುಮಕ್ಕಳ ಖೋ ಖೋ ಕ್ಲಬ್ಬಿಗೆ ಸೇರಿಸಿದೆ. ಶಾಲೆಯಲ್ಲಿ ನಾನೂ ಆಡಿದ್ದವಳೇ. ದಿನಾ ಸಂಜೆ ಅವಳ ಜೊತೆ ಹೋಗಿ ಬೇಲಿಯ ಪಕ್ಕ ನಿಂತು ಆಟ ನೋಡುತ್ತಾ ಹೂ ಕಟ್ಟುತ್ತಿದ್ದೆ. ಅಲ್ಲಿ ಕಲಿಸುತ್ತಿದ್ದವರು ನಂಜಪ್ಪ ಮೇಷ್ಟ್ರು, ಸರ್ಕಾರಿ ಶಾಲೆಯಿಂದ ನಿವೃತ್ತರಾದ ಪಿ.ಟಿ. ಮಾಸ್ತರು. ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಮೈದಾನದಲ್ಲಿ ಒಬ್ಬ ಹೆಂಗಸು ಇರಲಿ ಎಂಬ ಆಸೆ. ಒಂದು ದಿನ ಮೇಷ್ಟ್ರು ಬೇಲಿಯ ಹತ್ತಿರ ಬಂದು, ಹೇಗೂ ನಿಂತೇ ಇರುತ್ತೀರಿ, ಒಳಗೆ ಬಂದು ನಿಂತುಕೊಳ್ಳಿ ಎಂದರು. ಮಗಳು ಎರಡೇ ತಿಂಗಳಿಗೆ ಆಟ ಬಿಟ್ಟು ಸಂಗೀತಕ್ಕೆ ಸೇರಿದಳು. ನಾನು ಹದಿನಾರು ವರ್ಷ ಅಲ್ಲೇ ಉಳಿದೆ.

ಮೇಷ್ಟ್ರದು ಹಳೆಯ ಕಾಲದ ಪಾಠ. ಬಂದ ಕೂಡಲೇ ಮೈದಾನದ ಉದ್ದಕ್ಕೂ ಕಪ್ಪೆ ಕುಪ್ಪಳಿಸಿದ ಹಾಗೆ ಕುಪ್ಪಳಿಸಬೇಕು. ಬಗ್ಗಿ ಕಾಲ್ಬೆರಳು ಮುಟ್ಟುವಾಗ ಸ್ಪ್ರಿಂಗಿನಂತೆ ಎದ್ದೆದ್ದು ಬಗ್ಗಬೇಕು. ಆಟ ಮುಗಿಯುವ ತನಕ ನೀರು ಮುಟ್ಟುವಂತಿಲ್ಲ. ಏಪ್ರಿಲ್ ತಿಂಗಳ ಒಂದು ಸಂಜೆ ಒಬ್ಬ ಹುಡುಗಿ ಕಣ್ಣು ಕತ್ತಲಿಟ್ಟು ಕುಸಿದಳು. ನಾನು ಮೇಷ್ಟ್ರನ್ನು ಕೇಳದೆ ಉಪ್ಪು ನಿಂಬೆಹಣ್ಣಿನ ಪಾನಕ ಕುಡಿಸಿದೆ. ನನ್ನ ಶಿಸ್ತು ಹಾಳು ಮಾಡುತ್ತಿದ್ದೀರಿ ಎಂದು ಎಲ್ಲರ ಎದುರಿಗೇ ಗದರಿದರು. ಮರುದಿನದಿಂದ ಹೋಗುವುದೇ ಬೇಡ ಎಂದುಕೊಂಡು ಮಲಗಿದೆ. ಆದರೂ ಹೊತ್ತಾದಾಗ ಕಾಲು ಕೇಳಲಿಲ್ಲ. ಹೋಗಿ ನೋಡಿದರೆ ಬೇವಿನ ಮರದ ಕೆಳಗೆ ಹೊಸದೊಂದು ಮಣ್ಣಿನ ಹೂಜಿ, ಪಕ್ಕದಲ್ಲಿ ಎರಡು ಸ್ಟೀಲ್ ಲೋಟ. ಮೇಷ್ಟ್ರೇ ಸೈಕಲ್ಲಿನಲ್ಲಿ ತಂದಿದ್ದರಂತೆ. ಅದರ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮೇಲಿನವರು ತಮ್ಮ ತಪ್ಪನ್ನು ಬಾಯಲ್ಲಿ ಒಪ್ಪಿಕೊಳ್ಳಲಿ ಎಂದು ಕಾಯಬೇಡಿ. ಹೂಜಿ ಬಂದರೆ ಸಾಕು. ಅಂಥದ್ದನ್ನು ನಾನು ದೇವರು ಕೊಟ್ಟ ಲೆಕ್ಕಕ್ಕೆ ಸೇರಿಸುತ್ತೇನೆ.

ಅವರ ಹತ್ತಿರ ನಾನು ಕಲಿತದ್ದೂ ಬಹಳ. ಹುಡುಗಿಯರು ಹಾರಿ ಇಳಿಯುವಾಗ ಕಣ್ಣು ಮುಚ್ಚಿಕೊಳ್ಳಲು ಹೇಳುತ್ತಿದ್ದರು.

"ನೋಡ್ಬೇಡಿ ಸರೋಜಮ್ಮ, ಕೇಳಿ. ದಪ್ ಅಂದ್ರೆ ನೆಲ ಅವಳನ್ನ ಹೊಡೀತಾ ಇದೆ ಅಂತ. ಶಬ್ದ ಇಲ್ದೆ ಇಳಿದವಳು ಹತ್ತು ವರ್ಷ ಆಡ್ತಾಳೆ."

ಈಗಿನವರು ದಪ್ಪ ದಪ್ಪ ಪುಸ್ತಕಗಳಲ್ಲಿ ಇದನ್ನೇ ಬರೆದಿದ್ದಾರಂತೆ. ಮೇಷ್ಟ್ರಿಗೆ ಅದು ಕಿವಿಯಿಂದಲೇ ಗೊತ್ತಿತ್ತು. ಮಂಡಿ, ಸೊಂಟ ಎರಡನ್ನೂ ಒಟ್ಟಿಗೆ ಮಡಚಿ ಇಳಿದರೆ ಶಬ್ದ ಬರುವುದಿಲ್ಲ. ಅದನ್ನು ಮಕ್ಕಳಿಗೆ ಅರ್ಥ ಮಾಡಿಸಲು ನಾನು ರಂಗೋಲಿ ಹಾಕಲು ಕೂರುವುದನ್ನು ತೋರಿಸುತ್ತಿದ್ದೆ. ಹಿಮ್ಮಡಿ ನೆಲಕ್ಕೆ, ಬೆನ್ನು ನೆಟ್ಟಗೆ, ಭಾರವೆಲ್ಲ ಸೊಂಟದಲ್ಲಿ. ದಿನಾ ಬಾಗಿಲಿಗೆ ರಂಗೋಲಿ ಹಾಕುವ ಮಕ್ಕಳು ಬೇಗ ಕಲಿಯುತ್ತಿದ್ದರು.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. ಅದಕ್ಕೆ ಆಟದ ಬಗ್ಗೆ ನಾಲ್ಕು ಮಾತು ಹೇಳಬೇಕು. ಖೋ ಖೋ ಅಂಕಣದ ಎರಡು ತುದಿಗೆ ಎರಡು ಮರದ ಕಂಬ. ನಡುವೆ ಸಾಲಾಗಿ ಎಂಟು ಜನ ಕೂತಿರುತ್ತಾರೆ, ಒಂಬತ್ತನೆಯವಳು ಎದುರಾಳಿಯನ್ನು ಅಟ್ಟುತ್ತಾಳೆ. ಅಟ್ಟುವವಳು ಸಾಲನ್ನು ನಡುವೆ ದಾಟುವ ಹಾಗಿಲ್ಲ. ಆ ಕಡೆಗೆ ಹೋಗಬೇಕಾದರೆ ಕಂಬವನ್ನು ಕೈಯಲ್ಲಿ ಹಿಡಿದು ಸುತ್ತಿ ಹೋಗಬೇಕು. ಸಾಲಿನ ಒಂದು ಮಗ್ಗುಲಲ್ಲಿ ಓಡಿ ಬಂದರೆ ಕಂಬ ಬಲಗೈಗೆ ಸಿಗುತ್ತದೆ, ಇನ್ನೊಂದು ಮಗ್ಗುಲಲ್ಲಿ ಬಂದರೆ ಎಡಗೈಗೆ. ಓಟದ ವೇಗ ಇಳಿಯದಂತೆ ಆ ತಿರುವನ್ನು ಸುತ್ತುವವಳೇ ಒಳ್ಳೆಯ ಆಟಗಾರ್ತಿ.

ನಮ್ಮ ಮನೆದೇವರು ನರಸಿಂಹಸ್ವಾಮಿ. ಕಂಬ ಅಂದರೆ ನನಗೆ ಸ್ವಾಮಿ ಹೊರಗೆ ಬಂದ ಜಾಗ. ಮೈದಾನದ ಕಂಬಗಳಿಗೂ ಪ್ರತಿ ಶನಿವಾರ ಅರಿಶಿನ ಕುಂಕುಮ ಇಟ್ಟು, ಎಲ್ಲ ಹುಡುಗಿಯರಿಂದ ಮೂರು ಸುತ್ತು ಹಾಕಿಸುತ್ತಿದ್ದೆ. ಪ್ರದಕ್ಷಿಣೆ ಅಂದ ಮೇಲೆ ದೇವರು ಬಲಕ್ಕೇ ಇರಬೇಕು. ಕಂಬ ಸುತ್ತುವ ಅಭ್ಯಾಸವನ್ನು ಮೇಷ್ಟ್ರು ನನಗೆ ಬಿಟ್ಟಾಗ ನಾನು ಅದನ್ನೂ ಬಲಗಡೆಯಿಂದಲೇ ಮಾಡಿಸಿದೆ. ಎಡಕ್ಕೆ ಸುತ್ತಿದ ಮಗುವನ್ನು, ಅಪ್ರದಕ್ಷಿಣೆ ಕಣೇ, ವಾಪಸ್ ಬಾ ಎಂದು ಕರೆಯುತ್ತಿದ್ದೆ. ದಿನಕ್ಕೆ ನಲವತ್ತು ಸಲ, ವಾರಕ್ಕೆ ಆರು ದಿನ, ಮೂರು ವರ್ಷ. ನನ್ನ ಭಕ್ತಿಯಲ್ಲಿ ಸುಳ್ಳಿರಲಿಲ್ಲ. ಆದರೆ ಅದನ್ನು ಇನ್ನೊಬ್ಬರ ಮಕ್ಕಳ ಕಾಲಿಗೆ ಕಟ್ಟಿದ್ದೆ.

ಆ ಮಕ್ಕಳಲ್ಲಿ ಶರಣಮ್ಮ ಒಬ್ಬಳು. ಶರಣು ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಕೊಪ್ಪಳದ ಕಡೆಯಿಂದ ಬಂದು ಕಾಮಾಕ್ಷಿಪಾಳ್ಯದಲ್ಲಿ ಇದ್ದವರು. ತಾಯಿ ಹನುಮವ್ವ ಗಾರ್ಮೆಂಟ್ಸಿನಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು, ತಂದೆ ಇರಲಿಲ್ಲ. ಹುಡುಗಿಗೆ ಓಟವೆಂದರೆ ನೀರು ಕುಡಿದ ಹಾಗೆ. ಸರ್ಕಾರದ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದರೆ ಊಟ, ವಸತಿ, ಓದು, ಆಟ ಎಲ್ಲವೂ ನಡೆಯುತ್ತಿತ್ತು. ಆಗದಿದ್ದರೆ ಹತ್ತನೇ ಕ್ಲಾಸು ಮುಗಿದ ಮೇಲೆ ಅವಳೂ ಅದೇ ಗಾರ್ಮೆಂಟ್ಸಿಗೆ. ಇದನ್ನು ಹನುಮವ್ವ ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು.

ಆಯ್ಕೆಗೆ ಇನ್ನೂ ನಾಲ್ಕು ತಿಂಗಳಿರುವಾಗ ಶರಣು ಎಡ ಮಂಡಿಯ ಒಳಗಡೆ ನೋವು ಎಂದಳು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿದೆ. ಕಾಲು ಬಿಗಿದಿರಬೇಕು, ಇನ್ನೊಂದಿಷ್ಟು ಓಡಿದರೆ ಸಡಿಲವಾಗುತ್ತದೆ ಎಂದು ಕಂಬದ ಸುತ್ತನ್ನು ಐವತ್ತಕ್ಕೆ ಏರಿಸಿದೆ. ಹುಡುಗಿ ಹಲ್ಲು ಕಚ್ಚಿ ಮಾಡಿದಳು. ನೋವು ಎಂದು ಮಗು ಹೇಳಿದಾಗ ಇನ್ನಷ್ಟು ಮಾಡು ಎನ್ನುವುದು ಬಹಳ ಸುಲಭ. ಮೊದಲು ನಿಲ್ಲಿಸಿ, ಆಮೇಲೆ ಯೋಚಿಸಿ. ನಾನು ಹಾಗೆ ಮಾಡಲಿಲ್ಲ.

ಅದಾದ ವಾರಕ್ಕೇ ಕೆಂಗೇರಿಯ ಒಂದು ತಂಡದ ಜೊತೆ ಆಟವಿತ್ತು. ಮೊದಲ ಐದು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಆ ಕಡೆಯ ಓಟಗಾರ್ತಿಯರಿಗೆ ಏನೋ ಹೊಳೆಯಿತು. ನಮ್ಮವರು ಎಡಗೈಯಲ್ಲಿ ಕಂಬ ಹಿಡಿಯಬೇಕಾದ ಮಗ್ಗುಲಿಗೇ ಅವರು ಓಡತೊಡಗಿದರು. ನಮ್ಮ ಹುಡುಗಿಯರು ಅಲ್ಲಿ ಬಂದು ಬಂದು ತಡವರಿಸುತ್ತಿದ್ದರು, ಕೆಲವರು ಕಂಬ ಹಿಡಿಯಲೂ ಆಗದೆ ದೂರ ಸುತ್ತುತ್ತಿದ್ದರು. ಆ ತಂಡದ ಕೋಚು ತಮಾಷೆಯ ಮನುಷ್ಯ. ನನ್ನ ಪಕ್ಕ ಬಂದು ನಿಂತು ಕೈಗಡಿಯಾರ ತೋರಿಸಿದ.

"ಏನ್ ಮೇಡಂ, ನಿಮ್ ಹುಡುಗೀರು ಗಡಿಯಾರದ ಮುಳ್ಳಾ? ಒಂದೇ ಕಡೆ ತಿರುಗ್ತಾರಲ್ಲ."

ಅವನ ಮಾತು ಮುಗಿಯುವಷ್ಟರಲ್ಲಿ ಶರಣು ಎಡಕ್ಕೆ ತಿರುಗಲು ಹೋದಳು. ಎಡಗಾಲು ಕಂಬದ ಬುಡದಲ್ಲಿ ಮೊಳೆ ಹೊಡೆದಂತೆ ನಿಂತಿತು. ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಅವಳು ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು, ಮಂಡಿಯ ಲಿಗಮೆಂಟ್ ಹರಿದಿಲ್ಲ, ಎಳೆದಿದೆ ಅಷ್ಟೇ, ಆರು ವಾರ ಓಡುವಂತಿಲ್ಲ ಎಂದರು. ಹರಿದಿಲ್ಲ ಎಂಬ ಆ ಒಂದು ಮಾತಿಗೆ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಸ್ವಾಮಿಗೆ ಕೈ ಮುಗಿದೆ. ಅಲ್ಲಿ ಕಾಲಿನ ವ್ಯಾಯಾಮ ಹೇಳಿಕೊಡುವ ವಿಭಾಗದಲ್ಲಿ ನಿವೇದಿತಾ ಎಂಬ ಹುಡುಗಿ ಇದ್ದಳು, ಫಿಸಿಯೋಥೆರಪಿಯ ಕೊನೆಯ ವರ್ಷ ಓದುತ್ತಿದ್ದವಳು. ನೋವು ಹೇಗೆ ಶುರುವಾಯಿತು, ದಿನಾ ಏನೇನು ಮಾಡಿಸುತ್ತೀರಿ ಎಂದು ಪೊಲೀಸರ ಹಾಗೆ ಕೇಳಿದಳು. ನಮ್ಮ ಮನೆ ಬಸವೇಶ್ವರನಗರದಲ್ಲೇ ಆಂಟಿ, ಭಾನುವಾರ ಬಂದು ನೋಡ್ತೀನಿ ಎಂದಳು. ಬರುತ್ತಾಳೆ ಎಂದು ನಾನು ನಂಬಿರಲಿಲ್ಲ.

ಅವಳು ಬಂದಳು, ಅಣ್ಣನ ವಿಡಿಯೋ ಕ್ಯಾಮೆರಾ ಹಿಡಿದುಕೊಂಡು. ಹುಡುಗಿಯರ ಸೊಂಟ, ಮಂಡಿ, ಕಾಲ್ಗಂಟಿನ ಮೇಲೆ ಗುರುತು ಹಾಕಬೇಕಿತ್ತು. ಅವಳು ತಂದಿದ್ದ ಬಿಳಿ ಪಟ್ಟಿ ಬೆವರಿಗೆ ನಿಲ್ಲಲಿಲ್ಲ. ನಾನು ಪರ್ಸಿನಿಂದ ದೊಡ್ಡ ಕೆಂಪು ಸ್ಟಿಕ್ಕರ್ ಬಿಂದಿಯ ಹಾಳೆ ತೆಗೆದು ಕೊಟ್ಟೆ. ಮಂಡಿಗೆ ಬಿಂದಿ ಇಟ್ಟುಕೊಂಡು ಹುಡುಗಿಯರು ನಕ್ಕಿದ್ದೇ ನಕ್ಕಿದ್ದು. ಒಬ್ಬಳು, ಮಿಸ್, ನನ್ ಮಂಡಿಗೆ ಮದುವೆ ಯಾವಾಗ ಎಂದು ಕೇಳಿದಳು. ಮೇಷ್ಟ್ರು ದೂರದಲ್ಲಿ ನಿಂತು, ಇದೇನು ಆಟವೋ ಅರಿಶಿನ ಕುಂಕುಮವೋ ಎಂದು ಗೊಣಗಿದರು.

ಆ ಸಂಜೆ ನಮ್ಮ ಮನೆಯ ಟಿವಿಗೆ ಕ್ಯಾಮೆರಾ ಜೋಡಿಸಿ ಕೂತೆವು. ಯಜಮಾನರು ಧಾರಾವಾಹಿ ತಪ್ಪಿತೆಂದು ಮುಖ ಮಾಡಿಕೊಂಡು ಕೂತವರು ಐದು ನಿಮಿಷಕ್ಕೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನಿವೇದಿತಾ ಚಿತ್ರವನ್ನು ಒಂದೊಂದೇ ಹೆಜ್ಜೆ ನಿಲ್ಲಿಸಿ ತೋರಿಸಿದಳು. ಕಂಬವನ್ನು ಬಲಕ್ಕೆ ಸುತ್ತುವಾಗ ಮೈಯನ್ನು ಒಳಕ್ಕೆ ತಳ್ಳುವುದು ಹೊರಗಿನ ಕಾಲು, ಅಂದರೆ ಎಡಗಾಲು. ಆ ಗಳಿಗೆಯಲ್ಲಿ ಸೊಂಟ, ಮಂಡಿ, ಕಾಲ್ಗಂಟಿನ ಮೂರು ಬಿಂದಿಗಳು ಒಂದೇ ಗೆರೆಯಲ್ಲಿ ಇರಬೇಕು. ಟಿವಿಯಲ್ಲಿ ಮೊದಲ ಹುಡುಗಿಯ ನಡುವಿನ ಬಿಂದಿ ಗೆರೆ ಬಿಟ್ಟು ಒಳಕ್ಕೆ ಕುಸಿಯುತ್ತಿತ್ತು. ಬಾಗಿಲ ಕೀಲು ಇರುವುದು ಹಿಂದೆ ಮುಂದೆ ಆಡಲಿಕ್ಕೆ, ಮಂಡಿಯೂ ಹಾಗೆಯೇ, ಅದನ್ನು ಪಕ್ಕಕ್ಕೆ ದಿನಾ ನಲವತ್ತು ಸಲ ಜಗ್ಗಿದರೆ ಏನಾಗುತ್ತದೆ ಎಂದು ಅವಳು ಕೇಳಿದಳು. ಫಿಟ್ಟರ್ ಕೆಲಸದ ನಮ್ಮ ಯಜಮಾನರು, ಸವೆದುಹೋಗುತ್ತೆ ಎಂದರು.

ನಾನು ಮುಂದಿನ ಹುಡುಗಿಯನ್ನು ಹಾಕು ಎಂದೆ. ಅವಳದೂ ಹಾಗೆಯೇ. ಅದರ ಮುಂದಿನವಳದೂ. ಓಡಬಾರದ ಶರಣುವನ್ನು ಬಿಟ್ಟು ಹತ್ತು ಮಕ್ಕಳು, ಹತ್ತು ಎಡ ಮಂಡಿ. ಎಲ್ಲರ ಕಾಲಲ್ಲೂ ನನ್ನದೇ ಕೈಬರಹ. ಇನ್ನು ಎಡಕ್ಕೆ ತಿರುಗುವಾಗ ಅವರಿಗೆ ಬರಹವೇ ಇರಲಿಲ್ಲ. ಪಾದ ಎಲ್ಲಿಡಬೇಕೆಂದೇ ತಿಳಿಯದ ಎಳೆಗೂಸುಗಳ ಹಾಗೆ ಇದ್ದರು.

"ಆಂಟಿ, ಯಾಕೆ ಒಂದೇ ಕಡೆ ಪ್ರಾಕ್ಟೀಸ್ ಮಾಡಿಸಿದ್ರಿ?" ಎಂದು ಅವಳು ಕೇಳಿದಳು.

ನಾನು ಹೇಳಿದೆ. ಅವಳು ನಗಲಿಲ್ಲ. ಅದೂ ನನಗೆ ಆವತ್ತು ಸಿಕ್ಕ ಒಂದು ಪುಣ್ಯ.

ಮರುದಿನ ಬೆಳಗ್ಗೆ ದೇವಸ್ಥಾನಕ್ಕೆ ಹೋದೆ. ಗೊತ್ತಿದ್ದೂ ಎಡಕ್ಕೆ ಸುತ್ತಿಸಬೇಕಲ್ಲ ಎಂಬುದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ತೀರ್ಥ ಕೊಡುತ್ತಿದ್ದ ಅರ್ಚಕರಿಗೆ ಎಲ್ಲವನ್ನೂ ಹೇಳಿ, ಕಂಬವನ್ನು ಅಪ್ರದಕ್ಷಿಣೆ ಮಾಡಿಸಿದರೆ ದೋಷವೇ ಎಂದು ಕೇಳಿದೆ.

"ಸ್ವಾಮಿ ಇರೋ ಕಂಬ ಸ್ವಾಮಿ ನೋಡ್ಕೋತಾನೆ. ನಿಮ್ದು ಆಟದ ಕಂಬ. ಮಗು ಕಾಲು ನೋಡ್ಕೊಳಿ ಹೋಗಿ. ಕೈ ಹಿಡೀರಿ, ಹಿಂದೆ ಜನ ಇದಾರೆ."

ಮೂರು ವರ್ಷ ನಾನು ಕಟ್ಟಿಕೊಂಡಿದ್ದ ಶಾಸ್ತ್ರವನ್ನು ಅವರು ಒಂದು ಉದ್ಧರಣೆ ತೀರ್ಥ ಕೊಡುವಷ್ಟರಲ್ಲಿ ಬಿಚ್ಚಿಬಿಟ್ಟರು.

ಉಳಿದದ್ದು ಹನುಮವ್ವನಿಗೆ ಹೇಳುವುದು. ಅವಳು ಮಗಳಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ನಂಬಿ ಮೆಣಸಿನಕಾಯಿ ನಿವಾಳಿಸಿ ಹಾಕಿದ್ದಳು. ಮೇಷ್ಟ್ರು, ಅವಳು ಹಾಗೇ ನಂಬಿಕೊಂಡಿರಲಿ ಬಿಡಿ, ಈಗ ಹೇಳಿದರೆ ಹುಡುಗಿಯನ್ನು ಬಿಡಿಸಿಯೇ ಬಿಡುತ್ತಾಳೆ, ಅವಳ ಭವಿಷ್ಯ ಹಾಳು ಎಂದರು. ಅವರ ಮಾತಿನಲ್ಲಿ ನ್ಯಾಯವೂ ಇತ್ತು. ಹೇಳಿದರೆ ಶರಣು ಆಟ ಕಳೆದುಕೊಳ್ಳಬಹುದು. ಹೇಳದಿದ್ದರೆ ಇನ್ನೊಬ್ಬರ ಮಗಳ ಕಾಲನ್ನು ಎರಡನೇ ಸಲ, ಅವರಿಗೆ ತಿಳಿಸದೆ, ನನ್ನ ಕೈಗೆ ತೆಗೆದುಕೊಂಡ ಹಾಗೆ. ಎರಡು ದಿನ ಯೋಚಿಸಿದೆ. ಮೂರನೇ ದಿನ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಗಾರ್ಮೆಂಟ್ಸ್ ಗೇಟಿನ ಮುಂದೆ ನಿಂತೆ.

ಹನುಮವ್ವ ಡಬ್ಬಿ ಹಿಡಿದು ಹೊರಗೆ ಬಂದಳು. ಫುಟ್‌ಪಾತಿನ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಮೊದಲು ಅವಳು ಊಟ ಮುಗಿಸಲಿ ಎಂದು ಕಾದೆ. ಆಮೇಲೆ ಪ್ರದಕ್ಷಿಣೆಯಿಂದ ಹಿಡಿದು ಟಿವಿಯಲ್ಲಿ ನೋಡಿದ ಬಿಂದಿಯ ತನಕ ಎಲ್ಲ ಹೇಳಿದೆ. ಕಣ್ಣು ಬಿದ್ದಿಲ್ಲ ಹನುಮವ್ವ, ನನ್ನಿಂದಲೇ ಆಗಿದ್ದು ಎಂದೆ. ಅವಳು ಡಬ್ಬಿಯ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದಳು. ಆಮೇಲೆ ತನ್ನ ಬಲ ಹೆಗಲನ್ನು ಮುಟ್ಟಿ ತೋರಿಸಿದಳು. ಅದು ಎಡ ಹೆಗಲಿಗಿಂತ ಎರಡು ಬೆರಳು ತಗ್ಗಿತ್ತು.

"ಇದನ್ನ ನೋಡ್ರಿ ಅಕ್ಕಾರ. ಏಳು ವರ್ಷ ಇದ ಕೈಲೆ ಇಸ್ತ್ರಿಪೆಟ್ಟಿಗಿ ಎಳದು ಹಿಂಗಾಗೈತಿ. ಯಾರೂ ಬಂದು ನಮ್ಮಿಂದ ಆತು ಅಂತ ಹೇಳಲಿಲ್ಲ." ಹೆಗಲಿನಿಂದ ಕೈ ತೆಗೆದು ಕೇಳಿದಳು: "ಆಕಿ ಕಾಲು ನೆಟ್ಟಗ ಮಾಡ್ತೀರೇನು?"

ಮಾಡುತ್ತೇನೆ ಎಂದು ಮಾತು ಕೊಡುವಷ್ಟು ಧೈರ್ಯ ಬರಲಿಲ್ಲ. ನಿವೇದಿತಾ ಹೇಳಿದ್ದನ್ನು ಒಂದು ದಿನವೂ ತಪ್ಪಿಸದೆ ಮಾಡಿಸುತ್ತೇನೆ, ನೋವು ಎಂದರೆ ಆ ಕ್ಷಣ ನಿಲ್ಲಿಸುತ್ತೇನೆ ಎಂದೆ. ಅವಳು ಎದ್ದು ಸೆರಗು ಕೊಡವಿಕೊಂಡಳು.

"ಹಂಗಿದ್ರ ಕಳಸ್ತೀನಿ. ಖರೆ, ಎರಡನೇ ಸಲ ಹಿಂಗಾದ್ರ ನಾ ನಿಮ್ಮ ಮನಿ ಬಾಗಲದಾಗ ಬಂದು ಕುಂದರಾಕಿ."

ಶರಣು ದಿನಾ ಶಾಲೆ ಮುಗಿಸಿ ನಮ್ಮ ಮನೆಗೇ ಬರತೊಡಗಿದಳು. ಬೀರುವಿನ ಕನ್ನಡಿಯ ಮುಂದೆ ಒಂಟಿ ಕಾಲಲ್ಲಿ ನಿಂತು ಮೆಲ್ಲಗೆ ಕುಳಿತು ಏಳುವುದು, ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಎರಡು ಕಾಲಿಗೆ ಸೇರಿಸಿ ಕಟ್ಟಿ, ಅಡ್ಡಕ್ಕೆ ಹೆಜ್ಜೆ ಹಾಕುವುದು. ಮಂಡಿ ಕುಸಿಯದಂತೆ ಕಾಯುವುದು ಸೊಂಟದ ಮಗ್ಗುಲಿನ ಸ್ನಾಯು ಎಂಬುದನ್ನು ನಾನು ಆಗಲೇ ತಿಳಿದದ್ದು. ಮಂಡಿಗೆ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು, ಸೊಂಟವನ್ನು ಯಾರೂ ವಿಚಾರಿಸಿರಲಿಲ್ಲ. ಒಲೆಯ ಮೇಲೆ ಬೇಳೆ ಬೇಯುತ್ತಿರುತ್ತಿತ್ತು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಕುಕ್ಕರು ಕೂಗಿದಾಗ ಇಬ್ಬರಿಗೂ ಲೆಕ್ಕ ತಪ್ಪುತ್ತಿತ್ತು. ಮೊದಮೊದಲು ಅವಳ ಕಾಲು ಗಡಗಡ ನಡುಗುತ್ತಿತ್ತು. ಒಂದು ದಿನ ಅಳುತ್ತಾ ಕೂತು, ಮಿಸ್, ನಂಗ ಆಗಂಗಿಲ್ಲ, ಗಾರ್ಮೆಂಟ್ಸಿಗೇ ಹೋಗ್ತೀನಿ ಎಂದಳು. ನಾನು ತಟ್ಟೆಗೆ ಬಿಸಿ ಅನ್ನ ಸಾರು ಹಾಕಿ ಕೊಟ್ಟೆ. ಉಂಡು, ಕೈ ತೊಳೆದು, ಮತ್ತೆ ಕನ್ನಡಿಯ ಮುಂದೆ ಹೋಗಿ ನಿಂತಳು.

ಎಂಟನೇ ವಾರ ಮೈದಾನಕ್ಕೆ ಇಳಿದಳು. ಮೊದಲು ನಡೆಯುತ್ತಾ ಎಡಕ್ಕೆ ಸುತ್ತು, ಆಮೇಲೆ ಮೆಲ್ಲಗೆ ಓಡುತ್ತಾ. ಕಂಬಕ್ಕೆ ಮೂರು ಹೆಜ್ಜೆ ಇರುವಾಗಲೇ ಹೆಜ್ಜೆ ಚಿಕ್ಕದು ಮಾಡಬೇಕು, ಸೊಂಟ ಇಳಿಸಬೇಕು, ನಡುವನ್ನಷ್ಟೇ ಬಗ್ಗಿಸದೆ ಇಡೀ ಮೈ ಒಳಕ್ಕೆ ವಾಲಬೇಕು. ಪಾದವೂ ಮೈಯ ಜೊತೆ ತಿರುಗಬೇಕು. ಉಳಿದ ಹತ್ತು ಮಕ್ಕಳಿಗೂ ಬಲಕ್ಕೆ ಹತ್ತು, ಎಡಕ್ಕೆ ಹತ್ತು ಎಂದು ಮಾಡಿದೆ. ಮೇಷ್ಟ್ರು ಮೂರು ದಿನ ದೂರದಿಂದ ನೋಡಿದರು. ನಾಲ್ಕನೇ ದಿನ ಕಂಬದ ಹತ್ತಿರ ಬಂದು ಕಣ್ಣು ಮುಚ್ಚಿ ನಿಂತು ಕೇಳಿದರು. ಎಡಕ್ಕೂ ಬಲಕ್ಕೂ ಒಂದೇ ಶಬ್ದ ಬರ್ತಾ ಇದೆ ಎಂದು ಹೇಳಿ, ಮರುದಿನದಿಂದ ಕಪ್ಪೆ ಕುಪ್ಪಳಿಕೆಯನ್ನು ತಾವೇ ನಿಲ್ಲಿಸಿದರು.

ಆಯ್ಕೆಯ ದಿನ ಹನುಮವ್ವ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಮಕ್ಕಳು ಬಹಳ. ಓಟ, ಎತ್ತರ ಜಿಗಿತ ಮುಗಿದು ಖೋ ಖೋ ಆಡಿಸಿದರು. ಶರಣು ಚೆನ್ನಾಗಿ ಆಡಿದಳು, ಆದರೆ ಅವಳಿಗಿಂತ ಚುರುಕಾದ ಹುಡುಗಿಯರೂ ಇದ್ದರು. ಆಯ್ಕೆಗಾರರಲ್ಲಿ ಒಬ್ಬಾಕೆ ಅವಳ ಮಂಡಿಗೆ ಸುತ್ತಿದ್ದ ಪಟ್ಟಿಯನ್ನು ನೋಡಿ ಹತ್ತಿರ ಕರೆದರು. ಪಟ್ಟಿ ಬಿಚ್ಚು ಎಂದರು. ಕಂಬವನ್ನು ಎಡಕ್ಕೆ ಹತ್ತು ಸಲ ಸುತ್ತು, ಪೂರ್ತಿ ವೇಗದಲ್ಲಿ ಎಂದರು. ನಾನು ಹಗ್ಗದ ಈಚೆ ನಿಂತಿದ್ದೆ. ನೋವಾದರೆ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟವಳು ನಾನು, ಆದರೆ ಅಲ್ಲಿ ನಿಲ್ಲಿಸುವ ಅಧಿಕಾರ ನನ್ನದಲ್ಲ. ಸುತ್ತು ಎಣಿಸುತ್ತಾ ಹೋದೆ. ಆರು, ಏಳು. ಎಂಟನೆಯದರಲ್ಲಿ ಕಾಲ ಕೆಳಗೆ ಮಣ್ಣು ಜಾರಿತು. ಪಾದ ಜಾರಿದರೂ ಮಂಡಿ ಗೆರೆ ಬಿಡಲಿಲ್ಲ. ಸೊಂಟ ಇನ್ನಷ್ಟು ಇಳಿಸಿ, ಮತ್ತೆ ಎದ್ದು ಓಡಿದಳು. ಹತ್ತೂ ಮುಗಿಸಿ ನಿಂತಳು.

ಆ ಆಯ್ಕೆಗಾರ್ತಿ, ನಿನಗೆ ಯಾವ ಕಡೆಯ ತಿರುವು ಸಲೀಸು ಎಂದು ಕೇಳಿದರು. ಶರಣು ಏದುಸಿರು ಬಿಡುತ್ತಲೇ ಯೋಚಿಸಿದಳು.

"ನಂಗ ಎರಡೂ ಒಂದೇ ರೀ ಮೇಡಂ."

ಸಂಜೆ ಹೆಸರು ಓದಿದರು. ಶರಣಮ್ಮನ ಹೆಸರು ಕೊನೆಯಿಂದ ಎರಡನೆಯದು. ಓದುವ ತನಕ ನಾನು ನಿಂತಿದ್ದ ಜಾಗದಿಂದ ಒಂದು ಹೆಜ್ಜೆ ಆಚೀಚೆ ಆಗಿರಲಿಲ್ಲ. ಶರಣು ಓಡಿ ಬಂದು ತಾಯಿಯ ಮುಂದೆ ನಿಂತಳು. ಹನುಮವ್ವ ನಗಲೂ ಇಲ್ಲ, ಮಗಳನ್ನು ಅಪ್ಪಿಕೊಳ್ಳಲೂ ಇಲ್ಲ. ಆ ಧೂಳಿನಲ್ಲಿಯೇ ಕುಕ್ಕರುಗಾಲಲ್ಲಿ ಕೂತು, ಮಗಳ ಎಡ ಮಂಡಿಯನ್ನು ಎರಡೂ ಕೈಯಿಂದ ಮುಟ್ಟಿ, ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು.

"ಯವ್ವಾ, ಏಳಬೇ," ಎಂದಳು ಶರಣು, "ಎಲ್ಲಾರೂ ನೋಡಾಕತ್ತಾರ."

ಹನುಮವ್ವ ಏಳಲಿಲ್ಲ.